ಏಳು ಮಂದಿಯ ಆಟ: ಹೆರ್ಮುಂಡೆಯಿಂದ ಇಂಚಾನ್‌ವರೆಗೆ

ಜಗತ್ತಿನ ಯಾವ ದೇಶದಲ್ಲಾದರೂ ಏಳು ಡಾಲರಿನ ನೋಟು ಇದ್ದೀತೇ? ಒಂದು, ಎರಡು, ಐದು, ಹತ್ತು ಎಂದು ನೋಟುಗಳನ್ನು ಎಣಿಸಿ ರೂಢಿಯಾದವರಿಗೆ ಇದು ತಮಾಷೆಯಾಗಿ ಕಂಡೀತು. ಆದರೆ ಶಾಂತ ಮಹಾಸಾಗರದ ಪುಟ್ಟ ದ್ವೀಪರಾಷ್ಟ್ರ ಫಿಜಿ 2017ರಲ್ಲಿ ಇಂಥದೊಂದು ನೋಟನ್ನು ನಿಜಕ್ಕೂ ಅಚ್ಚು ಹಾಕಿಸಿತು. ಅದರ ಮೇಲೆ ಮುದ್ರಿಸಿದ್ದು ರಾಜನನ್ನೂ ಅಲ್ಲ, ರಾಣಿಯನ್ನೂ ಅಲ್ಲ. ರಗ್ಬಿ ಆಟಗಾರರನ್ನು! ಅದರ ಹಿಂದಿನ ವರ್ಷ, 2016ರ ಆಗಸ್ಟ್ 11ರಂದು, ರಿಯೋ ಒಲಿಂಪಿಕ್ಸ್‌ನಲ್ಲಿ ಫಿಜಿಯ ತಂಡ ಬ್ರಿಟನ್ ತಂಡವನ್ನು 43-7ರಿಂದ ಸೋಲಿಸಿ ಚಿನ್ನ ಗೆದ್ದಿತ್ತು. ಆ ದೇಶಕ್ಕೆ ಅದು ಯಾವುದೇ ಒಲಿಂಪಿಕ್ಸ್‌ನಲ್ಲಿ ದಕ್ಕಿದ ಮೊಟ್ಟಮೊದಲ ಪದಕ. ಆಡಿದ್ದು ಏಳು ಮಂದಿಯ ರಗ್ಬಿ. ಪ್ರತಿ ಅರ್ಧಕ್ಕೆ ಏಳು ನಿಮಿಷ, ತಂಡಕ್ಕೆ ಏಳು ಜನ. ಆದ್ದರಿಂದಲೇ ಏಳು ಡಾಲರು.

ಫಿಜಿಯ ಜನಸಂಖ್ಯೆ ಸುಮಾರು 9 ಲಕ್ಷ. 2011ರ ಜನಗಣತಿಯಂತೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಜನಸಂಖ್ಯೆ 9.43 ಲಕ್ಷ. ಅಂದರೆ ಅವಳಿ ನಗರದಷ್ಟೇ ಜನರಿರುವ ಒಂದು ದೇಶ, ಹತ್ತಾರು ಕೋಟಿ ಜನರ ದೇಶಗಳನ್ನು ಹಿಂದೆ ಹಾಕಿ ಚಿನ್ನ ತಂದಿತು. ಟೋಕಿಯೋದಲ್ಲಿ 2021ರಲ್ಲಿ ಇನ್ನೊಮ್ಮೆ ಚಿನ್ನ, 2024ರಲ್ಲಿ ಪ್ಯಾರಿಸ್‌ನಲ್ಲಿ ಬೆಳ್ಳಿ. ಈ ಮೂರೂ ತಂಡಗಳಲ್ಲಿದ್ದ ಜೆರ್ರಿ ತುವಾಯಿ ಎಂಬ ಗಿಡ್ಡ ದೇಹದ ಆಟಗಾರ ಚಿಕ್ಕವನಿದ್ದಾಗ ಕೊಳೆಗೇರಿಯಂಥ ಬಡಾವಣೆಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನೇ ಚೆಂಡು ಮಾಡಿಕೊಂಡು ಬರಿಗಾಲಿನಲ್ಲಿ ಆಡಿ ಬೆಳೆದವನು. ಅಲ್ಲಿಯ ಹೆಣ್ಣುಮಕ್ಕಳೂ ಹಿಂದೆ ಬೀಳಲಿಲ್ಲ. ರಗ್ಬಿ ಗಂಡಸರ ಆಟವೆಂಬ ಭಾವನೆ ಬಲವಾಗಿದ್ದ ಆ ನೆಲದಿಂದ ಹೋದ ಮಹಿಳಾ ತಂಡ ಟೋಕಿಯೋದಲ್ಲಿ ಕಂಚು ಗೆದ್ದಿತು.

ಇಷ್ಟು ದೂರದ ಕತೆ ಶಿರಗುಪ್ಪಿ ಹೋಬಳಿಯ ಹುಡುಗ ಹುಡುಗಿಯರಿಗೆ ಯಾಕೆ ಎಂದು ಪಾಲಕರು ಕೇಳಬಹುದು. ರಗ್ಬಿಯ ಮೊಟ್ಟೆಯಾಕಾರದ ಚೆಂಡನ್ನು ಇಲ್ಲಿಯ ಬಹಳಷ್ಟು ಮಕ್ಕಳು ಕೈಯಲ್ಲಿ ಮುಟ್ಟಿಯೂ ಇರಲಿಕ್ಕಿಲ್ಲ. ಆದರೆ ಏಳು ಮಂದಿ ಸೇರಿ ಮೈಗೆ ಮೈ ತಾಗಿಸಿ, ಓಡಿ, ಹಿಡಿದು, ಕೆಡವಿ ಆಡುವ ಆಟ ಈ ಸೀಮೆಗೆ ಹೊಸದಲ್ಲ. ಅದಕ್ಕೆ ಚೆಂಡೂ ಬೇಡ, ಬೂಟೂ ಬೇಡ. ಒಂದು ಕಾಲಕ್ಕೆ ಹುತುತು ಎಂದೂ ಕರೆಯುತ್ತಿದ್ದ ಕಬಡ್ಡಿಗೆ ಬೇಕಾದದ್ದು ಒಂದಿಷ್ಟು ನೆಲ, ಸುಣ್ಣದ ಗೆರೆ ಮತ್ತು ಉಸಿರು.

ನೆಲದ ಲೆಕ್ಕವನ್ನೇ ವಿದ್ಯಾರ್ಥಿಗಳು ಮೊದಲು ಹಾಕಿ ನೋಡಲಿ. ರಗ್ಬಿ ಮೈದಾನ ಸುಮಾರು 100 ಮೀಟರ್ ಉದ್ದ, 70 ಮೀಟರ್ ಅಗಲ. ಅಂದರೆ 7000 ಚದರ ಮೀಟರ್. ಅಲ್ಲಿ ಎರಡೂ ತಂಡಗಳಿಂದ 14 ಜನ. ಒಬ್ಬೊಬ್ಬರ ಪಾಲಿಗೆ 500 ಚದರ ಮೀಟರ್ ಬಯಲು. ಹೀಗಾಗಿ ಓಟಕ್ಕೆ ಬೆಲೆ. ಮಹಿಳೆಯರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ದಾಳಿಗೆ ಹೋದವಳಿಗೆ ಸಿಗುವುದು ಎದುರಾಳಿಗಳ ಅರ್ಧ ಅಂಕಣ, ಅಂದರೆ 48 ಚದರ ಮೀಟರ್. ಅದರೊಳಗೆ ಅವಳನ್ನೂ ಸೇರಿಸಿ 8 ಜನ. ತಲೆಗೆ 6 ಚದರ ಮೀಟರ್, ಒಂದು ಸಣ್ಣ ಅಡುಗೆಮನೆಯಷ್ಟು ಜಾಗ! ಏಳು ಜೋಡಿ ಕಣ್ಣು, ಏಳು ಜೋಡಿ ಕೈ ಕಾಯುತ್ತಿರುವ ಆ ಇಕ್ಕಟ್ಟಿನೊಳಗೆ ಹೊಕ್ಕು, ಮುಟ್ಟಿ, ಹೊರಬೀಳಬೇಕು. ರಗ್ಬಿಯಲ್ಲಿ ಕಾಲಿಗೆ ಇರುವ ಬೆಲೆ ಇಲ್ಲಿ ಸೊಂಟಕ್ಕೂ ಮೊಣಕಾಲಿಗೂ ಇದೆ.

ಈ ಇಕ್ಕಟ್ಟಿನಿಂದ ದೇಶದ ನಾಯಕಿಯ ಪಟ್ಟದವರೆಗೆ ಹೋದ ಕನ್ನಡತಿ ಮಮತಾ ಪೂಜಾರಿ. ಹುಟ್ಟಿದ್ದು 1986ರಲ್ಲಿ, ಕಾರ್ಕಳ ತಾಲ್ಲೂಕಿನ ಅಜೆಕಾರು ಸಮೀಪದ ಹೆರ್ಮುಂಡೆಯಲ್ಲಿ. ಅಂದು ಅದು ದಕ್ಷಿಣ ಕನ್ನಡ ಜಿಲ್ಲೆ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಪಶ್ಚಿಮ ಘಟ್ಟದ ಬುಡದ ಆ ಪ್ರದೇಶದಲ್ಲಿ ಮಳೆಗಾಲವೆಂದರೆ ಮಳೆಗಾಲವೇ. ಹುಬ್ಬಳ್ಳಿ ಕಡೆಯ ಇಡೀ ವರ್ಷದ ಮಳೆ ಅಲ್ಲಿ ಒಂದೇ ತಿಂಗಳಲ್ಲಿ ಸುರಿದುಬಿಡುವುದುಂಟು. ಕೃಷಿ ಕುಟುಂಬದ ಈ ಹುಡುಗಿ ಶಾಲೆಯಲ್ಲಿದ್ದಾಗ ಕಬಡ್ಡಿಯನ್ನೇ ನೆಚ್ಚಿಕೊಂಡವಳಲ್ಲ. ವಾಲಿಬಾಲ್ ಆಡಿದಳು, ಗುಂಡು ಎಸೆದಳು, ಅಥ್ಲೆಟಿಕ್ಸ್‌ನ ಬೇರೆ ಸ್ಪರ್ಧೆಗಳಲ್ಲೂ ನಿಂತಳು. ಕಬಡ್ಡಿಯೇ ತನ್ನ ದಾರಿ ಎಂದು ಗಟ್ಟಿಯಾದದ್ದು ಪದವಿ ಓದಲು ಮಂಗಳೂರಿನ ಶ್ರೀ ಗೋಕರ್ಣನಾಥೇಶ್ವರ ಕಾಲೇಜಿಗೆ ಸೇರಿದ ಮೇಲೆ.

ಈ ಒಂದು ಸಂಗತಿಯ ಹತ್ತಿರ ಪಾಲಕರು ಸ್ವಲ್ಪ ನಿಲ್ಲಬೇಕು. ಮಗು ಆರನೆಯ ತರಗತಿಗೆ ಬರುವಷ್ಟರಲ್ಲಿ ಒಂದೇ ಆಟಕ್ಕೆ ಕಟ್ಟಿಹಾಕಿ, ಬೆಳಿಗ್ಗೆ ಸಂಜೆ ಅದನ್ನೇ ಅರೆಯುವ ತರಬೇತಿಗಳು ಈಗ ಪಟ್ಟಣಗಳಲ್ಲಿ ಹೆಚ್ಚಾಗಿವೆ. ಬೆಳೆಯುವ ಎಲುಬಿಗೆ ಅದು ಒಳ್ಳೆಯದಲ್ಲವೆಂದು ಕ್ರೀಡಾವೈದ್ಯರು ಹೇಳುತ್ತಲೇ ಇದ್ದಾರೆ, ಕೇಳುವವರು ಕಡಿಮೆ. ವಾಲಿಬಾಲ್ ಆಡುವ ಹುಡುಗಿ ಜಿಗಿಯುವುದನ್ನೂ, ಜಿಗಿದು ಸರಿಯಾಗಿ ಇಳಿಯುವುದನ್ನೂ ಕಲಿಯುತ್ತಾಳೆ. ಚೆಂಡು ಎಲ್ಲಿ ಬೀಳುತ್ತದೆಂದು ಮುಂಚೆಯೇ ಅಂದಾಜು ಮಾಡುವ ಕಣ್ಣು ಅವಳಿಗೆ ಬರುತ್ತದೆ. ಗುಂಡು ಎಸೆತದಲ್ಲಿ ಬಲ ಹುಟ್ಟುವುದು ತೋಳಿನಲ್ಲಲ್ಲ, ನೆಲವನ್ನು ಒದೆಯುವ ಕಾಲಿನಲ್ಲಿ. ಅದು ಸೊಂಟದ ಮೂಲಕ ತಿರುಗಿ ಕೈಗೆ ಬರುತ್ತದೆ. ಕಬಡ್ಡಿಯಲ್ಲಿ ಸಿಕ್ಕಿಬಿದ್ದವಳು ಹಿಡಿತ ಬಿಡಿಸಿಕೊಂಡು ಗೆರೆಯತ್ತ ನುಗ್ಗುವಾಗ ಬೇಕಾಗುವುದೂ ಇದೇ ಬಲ.

ಕರಾವಳಿಯಲ್ಲಿ ಕಬಡ್ಡಿಗೆ ಇರುವ ವಾತಾವರಣವನ್ನೂ ಹೇಳಬೇಕು. ಮಳೆ ನಿಂತು ಕೊಯ್ಲು ಮುಗಿದರೆ ಸಾಕು, ಊರೂರಿನ ಯುವಕ ಮಂಡಲಗಳು ಹೊನಲು ಬೆಳಕಿನ ಪಂದ್ಯಾಟಗಳನ್ನು ಏರ್ಪಡಿಸುತ್ತವೆ. ಕೆಂಪು ಮುರಕಲ್ಲು ಮಣ್ಣಿನ ಅಂಕಣ, ಸುತ್ತ ಬಿದಿರಿನ ತಡೆ, ರಾತ್ರಿಯಿಡೀ ಆಟ. ಒಂದು ಊರಿನಲ್ಲಿ ಸೋತ ತಂಡ ಮುಂದಿನ ವಾರ ಇನ್ನೊಂದು ಊರಿನಲ್ಲಿ ಗೆದ್ದು ಬರುತ್ತದೆ. ಹೀಗೆ ಪಂದ್ಯದ ಮೇಲೆ ಪಂದ್ಯ ಆಡುವ ಅವಕಾಶವೇ ದೊಡ್ಡ ತರಬೇತಿ. ಧಾರವಾಡ ಸೀಮೆಯಲ್ಲಿ ಗರಡಿಮನೆಗಳಿದ್ದವು, ಪೈಲ್ವಾನರಿದ್ದರು, ಜಾತ್ರೆಯ ಕುಸ್ತಿ ಇತ್ತು. ಮೈ ಹಿಡಿದು ಆಡುವ ಕಲೆಗೆ ಇಲ್ಲಿ ಬರವಿರಲಿಲ್ಲ. ಆದರೆ ಆ ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಕರಾವಳಿಯ ಶಾಲೆ ಕಾಲೇಜುಗಳು ಹುಡುಗಿಯರ ತಂಡವನ್ನೂ ಹುಡುಗರ ತಂಡದ ಜತೆಗೇ ಕಟ್ಟಿದವು. ಫಲಿತಾಂಶದಲ್ಲಿ ಕಂಡ ವ್ಯತ್ಯಾಸ ಇಲ್ಲಿಂದ ಹುಟ್ಟಿದ್ದು, ರಕ್ತದಿಂದಲೋ ಮೀನೂಟದಿಂದಲೋ ಅಲ್ಲ.

ಈಗ ಉಸಿರಿನ ವಿಷಯ. ಎದುರಾಳಿಯ ಅಂಕಣದಲ್ಲಿರುವಷ್ಟು ಹೊತ್ತೂ ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ಇರಬೇಕೆಂಬ ನಿಯಮ ಯಾಕೆ? ಮಾತಾಡುವಾಗ ಗಾಳಿ ಹೊರಗೆ ಹೋಗುತ್ತಿರುತ್ತದೆ. ಒಳಗೆಳೆದುಕೊಂಡರೆ ಮಾತು ತುಂಡಾಗುತ್ತದೆ. ಹಾಗಾಗಿ ಆ ಪದ ಒಂದು ಸರಳವಾದ ಅಳತೆ ಯಂತ್ರ. ಪಂಚರ ಕಿವಿಗೆ ಅದು ಕೇಳುತ್ತಿರುವ ತನಕ ಆಟಗಾರ್ತಿ ಹೊಸ ಉಸಿರು ತೆಗೆದುಕೊಂಡಿಲ್ಲ ಎಂದರ್ಥ. ಬೆಳೆದ ಹೆಣ್ಣುಮಗಳೊಬ್ಬಳು ಪೂರ್ತಿ ಉಸಿರು ಎಳೆದು ಪೂರ್ತಿ ಬಿಟ್ಟರೆ ಹೊರಬರುವ ಗಾಳಿ ಸುಮಾರು 3 ಲೀಟರ್. ಮೆಲ್ಲಗೆ ಮಾತಾಡುವಾಗ ಸೆಕೆಂಡಿಗೆ 100 ಮಿಲಿಲೀಟರ್ ಖರ್ಚಾಗುತ್ತದೆ ಎಂದಿಟ್ಟುಕೊಂಡರೆ 30 ಸೆಕೆಂಡಿಗೆ ಆ 3 ಲೀಟರೂ ಮುಗಿಯುತ್ತದೆ. ಈಗಿನ ನಿಯಮದಲ್ಲಿ ಒಂದು ದಾಳಿಗೆ ಇರುವ ಕಾಲಮಿತಿಯೂ ಸರಿಯಾಗಿ 30 ಸೆಕೆಂಡು! ನಿಯಮ ಮಾಡಿದವರು ಈ ಲೆಕ್ಕ ಹಾಕಿ ಮಾಡಿದರೆಂದಲ್ಲ, ಆದರೆ ಹೊಂದಾಣಿಕೆ ಚೆನ್ನಾಗಿದೆ.

ಉಸಿರು ಕಟ್ಟಿದಾಗ ಎದೆಯಲ್ಲಿ ಆಗುವ ಸಂಕಟ ಆಮ್ಲಜನಕ ತೀರಿಹೋದದ್ದರಿಂದ ಎಂದೇ ಬಹಳ ಮಕ್ಕಳು ಉತ್ತರ ಬರೆಯುತ್ತಾರೆ. ಅದು ಸರಿಯಲ್ಲ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಾದದ್ದನ್ನು ಮಿದುಳಿನ ಬುಡದಲ್ಲಿರುವ ಮೆಡುಲ್ಲಾ ಗುರುತಿಸಿ ‘ಉಸಿರು ಎಳೆ’ ಎಂದು ಒತ್ತಾಯಿಸುತ್ತದೆ. ಆಮ್ಲಜನಕ ಇನ್ನೂ ಸಾಕಷ್ಟು ಇರುತ್ತದೆ. ಸ್ನಾಯುಗಳಿಗೋ, ಮೊದಲ ಎಂಟು ಹತ್ತು ಸೆಕೆಂಡಿನ ಜೋರಿನ ಕೆಲಸಕ್ಕೆ ಆಮ್ಲಜನಕದ ಹಂಗೇ ಇಲ್ಲ; ತಮ್ಮೊಳಗೆ ಕೂಡಿಟ್ಟುಕೊಂಡ ರಾಸಾಯನಿಕ ಶಕ್ತಿಯಿಂದಲೇ ಅವು ದುಡಿಯುತ್ತವೆ. ಪಳಗಿದ ಆಟಗಾರ್ತಿ ಮೊದಲ ಹದಿನೈದು ಇಪ್ಪತ್ತು ಸೆಕೆಂಡು ಅತ್ತಿತ್ತ ತೂಗಾಡಿ, ಎದುರಾಳಿಗಳನ್ನು ಓದಿ, ಕೊನೆಯ ಕೆಲವು ಸೆಕೆಂಡಿನಲ್ಲಿ ಮಿಂಚಿನಂತೆ ಮುಟ್ಟುವುದರ ಹಿಂದೆ ಈ ಶರೀರಶಾಸ್ತ್ರವಿದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಕೈಯೊಂದು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಚಾಚಿದರೆ ಅಷ್ಟರಲ್ಲಿ ಒಂದು ಮೀಟರ್ ದಾಟಿರುತ್ತದೆ. ಕಂಡ ಮೇಲೆ ತಪ್ಪಿಸಿಕೊಳ್ಳುತ್ತೇನೆ ಎನ್ನುವವಳು ಆಗಲೇ ಔಟ್. ಕಾಣುವ ಮೊದಲೇ ಊಹಿಸಿದವಳು ಉಳಿಯುತ್ತಾಳೆ.

ಮಮತಾ ಬದುಕಿನ ನಿಜವಾದ ತಿರುವು ಪದಕವಲ್ಲ, ನೌಕರಿ. ಸಿಕಂದರಾಬಾದಿನಲ್ಲಿ ಕೇಂದ್ರ ಕಚೇರಿ ಇರುವ ದಕ್ಷಿಣ ಮಧ್ಯ ರೈಲ್ವೆ ಅವರನ್ನು ಕ್ರೀಡಾ ಕೋಟಾದಲ್ಲಿ ಸೇರಿಸಿಕೊಂಡಿತು. ಭಾರತದ ಮಹಿಳಾ ಕಬಡ್ಡಿಯಲ್ಲಿ ರೈಲ್ವೆ ತಂಡದ ಸ್ಥಾನ ಏನೆಂದು ತಿಳಿಯದವರಿಗೆ ಇದರ ಮಹತ್ವ ತಿಳಿಯದು. ದಶಕಗಳಿಂದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಬಹುತೇಕ ರೈಲ್ವೆಯದೇ ಮೇಲುಗೈ. ರಾಜ್ಯಗಳು ಬೆಳೆಸಿದ ಹುಡುಗಿಯರನ್ನು ರೈಲ್ವೆ ಕೆಲಸ ಕೊಟ್ಟು ಕರೆದುಕೊಳ್ಳುತ್ತದೆ, ಆಮೇಲೆ ಅವರೇ ತಮ್ಮ ರಾಜ್ಯದ ವಿರುದ್ಧ ಆಡಿ ಗೆಲ್ಲುತ್ತಾರೆ. ರಾಜ್ಯದ ಅಭಿಮಾನಿಗಳಿಗೆ ಇದು ಬೇಸರ ತರಬಹುದು. ಆದರೆ ತಿಂಗಳ ಕೊನೆಗೆ ಸಂಬಳ ಬರುವ, ಅಭ್ಯಾಸಕ್ಕೆ ಬಿಡುವು ಸಿಗುವ, ಆಟ ನಿಂತ ಮೇಲೂ ಉಳಿಯುವ ನೌಕರಿಯನ್ನು ರಾಜ್ಯಗಳು ಕೊಡಲಿಲ್ಲವಾದರೆ ಯಾರನ್ನು ದೂರಬೇಕು?

ಹುಬ್ಬಳ್ಳಿಯ ಓದುಗರಿಗೆ ಇದು ಮನೆಯ ಬಾಗಿಲಿನ ಮಾತು. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಿಂದ ಹುಬ್ಬಳ್ಳಿಯಲ್ಲಿಯೇ ಇದೆ. ಗದಗ ರಸ್ತೆಯ ರೈಲ್ ಸೌಧದ ಮುಂದೆ ಹಾದು ಕಾಲೇಜಿಗೆ ಹೋಗುವ ಎಷ್ಟೋ ವಿದ್ಯಾರ್ಥಿಗಳಿಗೆ ಆ ಕಟ್ಟಡದೊಳಗೆ ಕ್ರೀಡಾಪಟುಗಳಿಗಾಗಿಯೇ ಮೀಸಲಾದ ನೌಕರಿಗಳಿವೆ ಎಂಬುದು ಗೊತ್ತಿಲ್ಲ. ಆ ಜಾಗಗಳು ಬಹಳ ಇಲ್ಲ, ಸ್ಪರ್ಧೆ ಬಿಗಿ, ಜತೆಗೆ ನಿಗದಿತ ಮಟ್ಟದ ಪಂದ್ಯಗಳಲ್ಲಿ ಆಡಿದ ಪ್ರಮಾಣಪತ್ರವೂ ಶೈಕ್ಷಣಿಕ ಅರ್ಹತೆಯೂ ಬೇಕು. ಪರೀಕ್ಷೆ ಬಿಟ್ಟು ಆಡಿದವರಿಗೆ ಬಾಗಿಲು ತೆರೆಯುವುದಿಲ್ಲ. ಇದೇ ಗದಗ ದಾರಿಯಲ್ಲಿ ಹಿಂದೆ ಒಬ್ಬ ಶಾಲಾ ಬಾಲಕ ಕ್ರಿಕೆಟ್ ಅಭ್ಯಾಸಕ್ಕೆಂದು ಗದಗಿನಿಂದ ಹುಬ್ಬಳ್ಳಿಗೆ ಓಡಾಡುತ್ತಿದ್ದ. ಅಭ್ಯಾಸ ಮುಗಿಸಿ ಮತ್ತೆ ಶಾಲೆಗೆ ಮರಳುತ್ತಿದ್ದ. ಆತ ಸುನಿಲ್ ಜೋಶಿ. ಮುಂದೆ 15 ಟೆಸ್ಟ್ ಆಡಿದರು.

ಮಮತಾ ಅವರ ಅಂತರರಾಷ್ಟ್ರೀಯ ಪಂದ್ಯಗಳ ಪಟ್ಟಿ ಉದ್ದವಿದೆ. 2006ರಲ್ಲಿ ಕೊಲಂಬೊದ ದಕ್ಷಿಣ ಏಷ್ಯಾ ಕ್ರೀಡೆ, ಆಮೇಲೆ ಟೆಹರಾನ್, ಮದುರೆ, ಢಾಕಾ. ಎಲ್ಲವನ್ನೂ ಇಲ್ಲಿ ಪಟ್ಟಿ ಮಾಡುವ ಅಗತ್ಯವಿಲ್ಲ. ಮುಖ್ಯವಾದವು ಮೂರು.

ಮೊದಲನೆಯದು 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟ. ಪುರುಷರ ಕಬಡ್ಡಿ 1990ರಲ್ಲಿ ಬೀಜಿಂಗ್‌ನಲ್ಲೇ ಏಷ್ಯನ್ ಕ್ರೀಡೆಗಳಿಗೆ ಸೇರಿತ್ತು. ಮಹಿಳೆಯರಿಗೆ ಬಾಗಿಲು ತೆರೆದದ್ದು ಅದಾಗಿ ಇಪ್ಪತ್ತು ವರ್ಷದ ಮೇಲೆ. ಭಾರತ ಫೈನಲ್‌ನಲ್ಲಿ ಥಾಯ್ಲೆಂಡನ್ನು 28-14ರಿಂದ ಸೋಲಿಸಿ ಮೊದಲ ಚಿನ್ನ ಪಡೆಯಿತು. ಮಮತಾ ಜತೆಗೆ ಆ ತಂಡದಲ್ಲಿ ಇನ್ನೊಬ್ಬ ಕನ್ನಡತಿ ಬೆಂಗಳೂರಿನ ತೇಜಸ್ವಿನಿ ಬಾಯಿ ಇದ್ದರು. ಮರುವರ್ಷ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಇಲ್ಲಿ ಒಂದು ಕ್ಷಣ ಯೋಚಿಸಬೇಕಾದದ್ದಿದೆ. 1990ರಲ್ಲಿ ಇಪ್ಪತ್ತನಾಲ್ಕು ವರ್ಷದವಳಾಗಿದ್ದ, ಇಷ್ಟೇ ಚೆನ್ನಾಗಿ ಆಡುತ್ತಿದ್ದ ಹುಡುಗಿಯರ ಗತಿ ಏನಾಯಿತು? ಅವರ ಹೆಸರುಗಳು ಯಾವ ಪಟ್ಟಿಯಲ್ಲೂ ಇಲ್ಲ. ಪ್ರತಿಭೆ ಎಂಬುದು ಅವಕಾಶದ ಕ್ಯಾಲೆಂಡರನ್ನು ನೋಡಿಕೊಂಡು ಹುಟ್ಟುವುದಿಲ್ಲ.

ಎರಡನೆಯದು 2012ರ ಮಾರ್ಚ್‌ನಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್. ನಾಯಕಿ ಮಮತಾ ಪೂಜಾರಿ. ಫೈನಲ್‌ನಲ್ಲಿ ಇರಾನ್ ಎದುರಾಯಿತು. 25-19ರಿಂದ ಭಾರತ ಗೆದ್ದಿತು. ಆರು ಅಂಕದ ಅಂತರವೆಂದರೆ ಕಬಡ್ಡಿಯಲ್ಲಿ ದೊಡ್ಡದಲ್ಲ. ಎದುರಾಳಿಯ ಏಳೂ ಜನ ಔಟಾದರೆ ಸಿಗುವ ಲೋನಾಕ್ಕೇ ಎರಡು ಹೆಚ್ಚುವರಿ ಅಂಕ. ಒಂದು ಲೋನಾ ಆಚೀಚೆ ಆದರೆ ಕಪ್ಪೂ ಆಚೀಚೆ. ಮೂರನೆಯದು 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟ. ಮತ್ತೆ ಇರಾನ್, ಮತ್ತೆ ಚಿನ್ನ, 31-21.

ಇಂಚಾನ್‌ಗೆ ಹೋಗುವ ಮುನ್ನ, ಅದೇ ವರ್ಷದ ಅರ್ಜುನ ಪ್ರಶಸ್ತಿಯ ಪಟ್ಟಿಯಲ್ಲಿ ಮಮತಾ ಹೆಸರು ಬಂದಿತ್ತು. ಅದೇ ಪಟ್ಟಿಯಲ್ಲಿ ಕ್ರಿಕೆಟಿನ ರವಿಚಂದ್ರನ್ ಅಶ್ವಿನ್ ಇದ್ದರು, ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದ ಕನ್ನಡಿಗ ಎಚ್.ಎನ್. ಗಿರೀಶ ಇದ್ದರು. ಪ್ರಶಸ್ತಿಯ ಕಂಚಿನ ಮೂರ್ತಿ ಮೂವರಿಗೂ ಒಂದೇ. ಆದರೆ ಶಾಲೆಯ ಪ್ರಶ್ನೋತ್ತರ ಸ್ಪರ್ಧೆಯಲ್ಲಿ ಈ ಮೂರು ಹೆಸರು ಕೇಳಿದರೆ ಎಷ್ಟು ಮಕ್ಕಳು ಮೂರನ್ನೂ ಗುರುತಿಸಿಯಾರು?

ಹಣದ ಮಾತನ್ನೂ ಮುಚ್ಚಿಡುವಂತಿಲ್ಲ. ಇದೇ 2014ರ ಜುಲೈನಲ್ಲಿ ಪುರುಷರ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ಆ ವರ್ಷದ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ರಾಕೇಶ್ ಕುಮಾರ್ ಅವರಿಗೆ, 12.80 ಲಕ್ಷ ರೂಪಾಯಿ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರ ಬೆಲೆ 2 ಕೋಟಿ 60 ಲಕ್ಷ ದಾಟಿತು. ಕನ್ನಡಿಗರಾದ ಬಿ.ಸಿ. ರಮೇಶ್ ಆಟಗಾರರಾಗಿ ಅರ್ಜುನ ಪ್ರಶಸ್ತಿ ಪಡೆದವರು. ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡಕ್ಕೂ 2024ರಲ್ಲಿ ಪುಣೇರಿ ಪಲ್ಟನ್ ತಂಡಕ್ಕೂ ಈ ಲೀಗಿನ ಪ್ರಶಸ್ತಿ ಗೆದ್ದುಕೊಟ್ಟರು. ಅಂದರೆ ಪುರುಷರಿಗೆ ಆಟದ ನಂತರವೂ ಆಟದಲ್ಲೇ ದುಡಿಮೆಯಿದೆ. ಮಹಿಳೆಯರಿಗೆ? 2016ರಲ್ಲಿ ಅದೇ ಸಂಘಟಕರು ಮೂರು ತಂಡಗಳ ಒಂದು ಪುಟ್ಟ ಸ್ಪರ್ಧೆ ನಡೆಸಿದರು. ಮೂವರು ನಾಯಕಿಯರಲ್ಲಿ ಇಬ್ಬರು ಕನ್ನಡತಿಯರು: ಫೈರ್ ಬರ್ಡ್ಸ್ ತಂಡಕ್ಕೆ ಮಮತಾ ಪೂಜಾರಿ, ಸ್ಟಾರ್ಮ್ ಕ್ವೀನ್ಸ್ ತಂಡಕ್ಕೆ ತೇಜಸ್ವಿನಿ ಬಾಯಿ. ಜುಲೈ 31ರಂದು ಹೈದರಾಬಾದಿನಲ್ಲಿ ನಡೆದ ಫೈನಲ್‌ನಲ್ಲಿ ಈ ಇಬ್ಬರೇ ಎದುರುಬದುರು. 24-23. ಒಂದೇ ಅಂಕದಿಂದ ತೇಜಸ್ವಿನಿ ತಂಡ ಗೆದ್ದಿತು. ನೋಡಿದವರು ಮೆಚ್ಚಿದರು, ಪತ್ರಿಕೆಗಳು ಹೊಗಳಿದವು. ಮರುವರ್ಷ ಆ ಸ್ಪರ್ಧೆ ನಡೆಯಲಿಲ್ಲ. ರೈಲ್ವೆಯ ಸಂಬಳವನ್ನು ಮೊದಲೇ ಹೊಗಳಿದ್ದು ಈ ಕಾರಣಕ್ಕೆ.

ಮಗಳು ಆಡುತ್ತೇನೆ ಎಂದರೆ ಪಾಲಕರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಹಣದ್ದಲ್ಲ. ‘ಕೈಕಾಲು ಮುರಕೊಂಡರ ಏನ್ ಮಾಡೋದು?’ ಎಂಬುದು. ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬಾರದು. 60 ಕಿಲೋ ತೂಕದ ಆಟಗಾರ್ತಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಗೆರೆಯತ್ತ ನುಗ್ಗುತ್ತಿದ್ದಾಳೆ ಎಂದುಕೊಳ್ಳಿ. ಅವಳ ಸಂವೇಗ 300 ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಅವಳನ್ನು ಅರ್ಧ ಸೆಕೆಂಡಿನಲ್ಲಿ ನಿಲ್ಲಿಸಬೇಕಾದರೆ 600 ನ್ಯೂಟನ್ ಬಲ ಬೇಕು. ಅಂದರೆ ಸುಮಾರು 60 ಕಿಲೋ ಭಾರ ಎತ್ತಿದಷ್ಟು. ಒಬ್ಬಳೇ ಅಡ್ಡ ನಿಂತರೆ ಅಷ್ಟೂ ಅವಳ ಮೈಮೇಲೆ. ಕೈಕೈ ಹಿಡಿದು ಇಬ್ಬರು ಒಟ್ಟಿಗೆ ತಡೆದರೆ ಅರ್ಧರ್ಧ ಹಂಚಿಕೆಯಾಗುತ್ತದೆ. ರಕ್ಷಣೆಯವರು ಜೋಡಿಜೋಡಿಯಾಗಿ ಕೈ ಹಿಡಿದು ಸರಪಳಿ ಕಟ್ಟುವುದು ಅಂದಕ್ಕಲ್ಲ. ಇನ್ನು ಓಡುವವಳ ಹಿಮ್ಮಡಿಯ ಕೀಲು ಹಿಡಿದರೆ ಸಣ್ಣ ಹುಡುಗಿಯೂ ದೊಡ್ಡವಳನ್ನು ಕೆಡವಬಲ್ಲಳು. ಗುರುತ್ವ ಕೇಂದ್ರ ಇರುವುದು ಹೊಕ್ಕುಳಿನ ಸುತ್ತಮುತ್ತ. ಪಾದ ಅದರಿಂದ ಬಹು ದೂರ. ಸನ್ನೆಯ ತೋಳು ಉದ್ದವಾದಷ್ಟೂ ಕಡಿಮೆ ಬಲ ಸಾಕೆಂದು ಪಠ್ಯಪುಸ್ತಕದಲ್ಲಿ ಓದಿದ್ದು ಇಲ್ಲಿ ಕಣ್ಣೆದುರೇ ಕಾಣುತ್ತದೆ. ಬಗ್ಗಿ ನಿಂತು ಗುರುತ್ವ ಕೇಂದ್ರವನ್ನು ಕೆಳಗಿಳಿಸಿಕೊಂಡವಳನ್ನು ಬೀಳಿಸುವುದು ಕಷ್ಟ ಎಂಬುದೂ ಅದೇ ಪಾಠದ ಮುಂದಿನ ಪುಟ.

ನಿಜವಾಗಿ ಹೆದರಬೇಕಾದದ್ದು ಮೊಣಕಾಲಿಗೆ. ಪಾದ ನೆಲಕ್ಕೆ ಕಚ್ಚಿಕೊಂಡಿದ್ದು ಮೈ ಮಾತ್ರ ತಿರುಗಿದರೆ ಮೊಣಕಾಲೊಳಗಿನ ಅಸ್ಥಿರಜ್ಜು ಹರಿಯುತ್ತದೆ. ಈ ಗಾಯ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು ಎಂದು ವೈದ್ಯಕೀಯ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕಬಡ್ಡಿ ಮಣ್ಣಿನಿಂದ ಮ್ಯಾಟಿಗೆ ಬಂದದ್ದರಿಂದ ತರಚುಗಾಯ ಕಡಿಮೆಯಾದವು. ಆದರೆ ಮ್ಯಾಟಿನ ಮೇಲೆ ಬೂಟಿನ ಘರ್ಷಣೆ ಹೆಚ್ಚು, ಪಾದ ಜಾರುವುದಿಲ್ಲ, ಕಾಲು ತಿರುಚುವ ಅಪಾಯ ಉಳಿಯಿತು. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ ಕಲಿತವರು ಜಿಲ್ಲಾ ಮಟ್ಟದಲ್ಲಿ ಮೊದಲ ಬಾರಿಗೆ ಮ್ಯಾಟಿನ ಮೇಲೆ ಬೂಟು ಹಾಕಿ ನಿಂತಾಗ ತಡವರಿಸುವುದು ಇದರಿಂದಲೇ. ತೊಡೆಯ ಹಿಂಭಾಗದ ಸ್ನಾಯು ಬಲಪಡಿಸುವುದು, ಜಿಗಿದು ಮೊಣಕಾಲು ಬಗ್ಗಿಸಿ ಇಳಿಯುವುದು, ಇಂಥ ಅಭ್ಯಾಸಕ್ಕೆ ದಿನಕ್ಕೆ ಹದಿನೈದು ನಿಮಿಷ ಕೊಟ್ಟರೆ ಈ ಗಾಯವನ್ನು ಬಹಳಷ್ಟು ತಪ್ಪಿಸಬಹುದು. ಇದಕ್ಕೆ ಖರ್ಚಿಲ್ಲ. ಹೇಳಿಕೊಡುವವರು ಬೇಕು, ಅಷ್ಟೆ. ಖರ್ಚಾಗುವುದು ಊಟಕ್ಕೆ. ಹುಡುಗಿಯರಲ್ಲಿ ರಕ್ತಹೀನತೆ ಸಾಮಾನ್ಯವಾಗಿರುವ ಸೀಮೆಯಲ್ಲಿ ಬೆಳಿಗ್ಗೆ ಬರೀ ಚಹಾ ಕುಡಿಸಿ ಮೈದಾನಕ್ಕೆ ಕಳಿಸಿದರೆ ಯಾವ ತರಬೇತಿಯೂ ನಾಟುವುದಿಲ್ಲ. ತೂಕದ ಮಿತಿಯೊಳಗೆ ಬರಲೆಂದು ಪಂದ್ಯದ ಮುಂಚೆ ಮಕ್ಕಳನ್ನು ಉಪವಾಸ ಕೆಡಹುವ ಕೆಟ್ಟ ಪದ್ಧತಿಯೂ ಅಲ್ಲಲ್ಲಿ ಇದೆ. ಅದನ್ನು ಕಂಡರೆ ಪಾಲಕರು ಗಟ್ಟಿಯಾಗಿ ಬೇಡವೆನ್ನಬೇಕು.

ಮಮತಾ ತಲೆಮಾರಿನ ಮೇಲೆ ಆಟ ನಿಂತಿಲ್ಲ. 2018ರ ಜಕಾರ್ತಾದಲ್ಲಿ ಭಾರತದ ಮಹಿಳೆಯರು ಇರಾನಿಗೆ 24-27ರಿಂದ ಸೋತು ಬೆಳ್ಳಿಗೆ ಇಳಿದರು. ಆ ಇರಾನ್ ತಂಡವನ್ನು ತಯಾರು ಮಾಡಿದ ತರಬೇತುದಾರರು ನಾಸಿಕದ ಶೈಲಜಾ ಜೈನ್, ಭಾರತದವರೇ! ಇಲ್ಲಿ ಕೆಲಸವಿಲ್ಲದ ಜ್ಞಾನ ಅಲ್ಲಿ ಚಿನ್ನವಾಯಿತು. 2023ರಲ್ಲಿ ಹಾಂಗ್‌ಝೌನಲ್ಲಿ ಚೈನೀಸ್ ತೈಪೆಯನ್ನು 26-25ರಿಂದ ಸೋಲಿಸಿ ಭಾರತ ಚಿನ್ನವನ್ನು ಮರಳಿ ಪಡೆಯಿತು. ಆ ಕೂಟದಲ್ಲಿ ಅದು ದೇಶದ ನೂರನೆಯ ಪದಕ. ಒಲಿಂಪಿಕ್ಸ್‌ನ ಪದಕದ ಆಟಗಳಲ್ಲಿ ಮಾತ್ರ ಕಬಡ್ಡಿಗೆ ಜಾಗ ಸಿಕ್ಕಿಲ್ಲ. 1936ರ ಬರ್ಲಿನ್ ಕೂಟದ ವೇಳೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಅಲ್ಲಿ ಆಡಿ ತೋರಿಸಿ ಬಂದದ್ದಷ್ಟೇ. ಏಳು ಮಂದಿಯ ರಗ್ಬಿಗೆ 2016ರಲ್ಲಿ ಸಿಕ್ಕ ಅದೃಷ್ಟ ಇದಕ್ಕಿನ್ನೂ ಬಂದಿಲ್ಲ.

ಶಿರಗುಪ್ಪಿ ಸುತ್ತಿನ ಶಾಲೆಗಳಲ್ಲಿ ಹುಡುಗಿಯರ ಅಂಕಣ ಮಾಡುವವರಿಗೆ ಒಂದು ತೊಡಕಿದೆ: ಎರಿ ಮಣ್ಣು. ಹತ್ತಿಗೂ ಬಿಳಿಜೋಳಕ್ಕೂ ಕಡಲೆಗೂ ಹೇಳಿ ಮಾಡಿಸಿದ ಈ ನೆಲ ಕಬಡ್ಡಿಗೆ ಒಗ್ಗುವುದಿಲ್ಲ. ಅದರೊಳಗಿನ ಜೇಡಿಯ ಕಣಗಳು ಪದರ ಪದರವಾಗಿದ್ದು, ಪದರದ ನಡುವೆ ನೀರು ಹೊಕ್ಕರೆ ಉಬ್ಬುತ್ತವೆ, ಆರಿದರೆ ಕುಗ್ಗುತ್ತವೆ. ಮಳೆಗಾಲದಲ್ಲಿ ಕಾಲಿಗೆ ಕಿಲೋಗಟ್ಟಲೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಪಾದ ಸಿಕ್ಕುವಷ್ಟು ಬಿರುಕು ಬಿಡುತ್ತದೆ. ಆದ್ದರಿಂದ ಮೇಲಿನ ಎರಿಯನ್ನು ಒಂದು ಅಡಿಯಷ್ಟು ತೆಗೆದು, ಮಸಾರಿ ಮಣ್ಣಿಗೆ ಮರಳು ಬೆರೆಸಿ ತುಂಬಿ, ನೀರು ಹರಿದುಹೋಗಲು ಒಂದು ಕಡೆಗೆ ತುಸು ಇಳಿಜಾರು ಕೊಟ್ಟು, ಧುಮ್ಮಸು ಹಾಕಿ ಗಟ್ಟಿ ಮಾಡಬೇಕು. 12 ಮೀಟರಿಗೆ 8 ಮೀಟರ್. ಸುತ್ತ ಬೀಳುವುದಕ್ಕೆಂದು ಇನ್ನೂ ಮೂರು ನಾಲ್ಕು ಮೀಟರ್ ಬಿಡಬೇಕು. ನಡುಗೆರೆಯಿಂದ 3 ಮೀಟರಿಗೆ ಬಾಕ್ ಗೆರೆ, ಅದರಿಂದ ಮತ್ತೆ 1 ಮೀಟರಿಗೆ ಬೋನಸ್ ಗೆರೆ. ಸುಗ್ಗಿ ಮುಗಿದು ಟ್ರ್ಯಾಕ್ಟರುಗಳು ಬಿಡುವಾಗಿರುವ ಹೊತ್ತಿನಲ್ಲಿ ನಾಲ್ಕಾರು ಟ್ರಿಪ್ ಮಸಾರಿ ತರಿಸಿದರೆ ಕೆಲಸ ಒಂದು ವಾರದ್ದು.